ಮಳೆಯ ಮಿಲಿಮೀಟರ್ ಜೊತೆಗೆ ಹೊಳವಿನ ಗಂಟೆಯನ್ನೂ ಎಣಿಸಿ: ಮಲೆನಾಡಿನ ಜೇನಿಗಾಗಿ ಒಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಿಗೆ, ತೋಟಗಾರಿಕೆ ಇಲಾಖೆಯ ನಿರ್ದೇಶಕರಿಗೆ, ಮತ್ತು ಮಲೆನಾಡಿನ ಅಡಿಕೆ, ಕಾಫಿ, ಏಲಕ್ಕಿ ಬೆಳೆಗಾರ ಬಂಧುಗಳಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಸಾಕಿದ ಜೇನು ಸಾಯುವುದು, ಗೂಡು ಬಿಟ್ಟು ಹೋಗುವುದು ಬಹುಪಾಲು ಮಳೆಗಾಲದಲ್ಲಿ. ಸರ್ಕಾರದ ನೆರವು ಮಾತ್ರ ಪೆಟ್ಟಿಗೆ ಕೈಗೆ ಕೊಟ್ಟ ದಿನಕ್ಕೇ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಆ ನೆರವಿನ ಒಂದು ಪಾಲನ್ನು ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಿಗೆ ಮೀಸಲಿಡಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿನ ಪಕ್ಕದಲ್ಲಿ ಜೇನು ಕುಟುಂಬಕ್ಕೂ (ಒಂದು ರಾಣಿ ಮತ್ತು ಅದರ ನೊಣಗಳಿರುವ ಒಂದು ಗೂಡು) ಜಾಗ ಕೊಡಿ. ಕೊಡುವಾಗ, ಎಷ್ಟು ಮಿಲಿಮೀಟರ್ ಮಳೆ ಸುರಿಯಿತು ಎಂದಷ್ಟೇ ನೋಡದೆ ಹಗಲಿನಲ್ಲಿ ಎಷ್ಟು ಹೊತ್ತು ಹೊಳವಿತ್ತು, ಅಂದರೆ ಮಳೆ ಬಿಡುವು ಕೊಟ್ಟಿತ್ತು, ಎಂಬುದನ್ನೂ ಲೆಕ್ಕಕ್ಕೆ ತನ್ನಿ.

ನಾನು ತೀರ್ಥಹಳ್ಳಿ ಸೀಮೆಯ ಸಣ್ಣ ಅಡಿಕೆ ಬೆಳೆಗಾರ. ತೋಟದ ಅಂಚಿನಲ್ಲೂ ಮನೆ ಹಿಂದಿನ ಗುಡ್ಡದ ಬುಡದಲ್ಲೂ ತುಡುವೆ ಎಂಬ ಸಾಕು ಜೇನಿನ ಪೆಟ್ಟಿಗೆ ಇಟ್ಟುಕೊಂಡವನು. ಮಳೆಗಾಲ ಮುಗಿದ ಮೇಲೆ ಖಾಲಿ ಪೆಟ್ಟಿಗೆ ತೆರೆದು, ಮೇಣದ ಹುಳ ತಿಂದು ಬಲೆ ಕಟ್ಟಿದ ಎರಿಗಳನ್ನು (ಜೇನು ಕಟ್ಟಿದ ಮೇಣದ ಹಲಗೆಗಳನ್ನು) ಕಿತ್ತು ಬೆಂಕಿಗೆ ಹಾಕುವ ಸಂಕಟ ಜೇನು ಸಾಕುವ ಯಾರಿಗೂ ಹೊಸದಲ್ಲ. ಆ ಸಂಕಟಕ್ಕೆ ಯಾವ ಕಚೇರಿಯಲ್ಲೂ ಅರ್ಜಿ ನಮೂನೆ ಇಲ್ಲ. ಹಸು ಸತ್ತರೆ ವಿಚಾರಿಸುವವರಿದ್ದಾರೆ, ಅಡಿಕೆ ಕೊಳೆ ಬಂದು ಉದುರಿದರೆ ಕೇಳುವವರಿದ್ದಾರೆ. ಜೇನು ಹೋದರೆ ‘ಹಾರಿಹೋಯಿತಂತೆ’ ಎನ್ನುವ ಒಂದು ಮಾತಿಗೆ ಎಲ್ಲ ಮುಗಿಯುತ್ತದೆ.

‘ಮಲೆನಾಡಿಗೆ ಮಳೆ ಹೊಸದೇ? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆಯ ನಡುವೆಯೇ ಜೇನು ಬದುಕಿ ಬಂದಿಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗಲಾಗದು.

ನಮ್ಮ ಕಾಡಿನ ಜೇನುಗಳೆಲ್ಲ ಮಳೆಯನ್ನು ಒಂದೇ ರೀತಿ ಎದುರಿಸುವುದಿಲ್ಲ. ಹೆಜ್ಜೇನು ಎದುರಿಸುವ ಗೋಜಿಗೇ ಹೋಗದೆ ಜಾಗ ಬಿಡುತ್ತದೆ. ಬಂಡೆಗೋ ಎತ್ತರದ ಮರದ ಕೊಂಬೆಗೋ ತೆರೆದ ಗಾಳಿಯಲ್ಲಿ ಒಂದೇ ಒಂದು ಎರಿ ಕಟ್ಟುವ ಜೇನು ಅದು. ಜಡಿಮಳೆಗೆ ಮೊದಲೇ ಘಟ್ಟದಿಂದ ಬಯಲಿನ ಕಡೆ ವಲಸೆ ಹೋಗಿ ಮಳೆ ನಿಂತ ಮೇಲೆ ಮರಳುತ್ತದೆ. ತುಡುವೆ ಹಾಗಲ್ಲ. ಮರದ ಪೊಟರೆ, ಹುತ್ತ, ಕಲ್ಲಿನ ಸಂದಿಗಳಲ್ಲಿ ಗೂಡು ಮಾಡಿಕೊಂಡು ಇಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಜೇನುತುಪ್ಪವನ್ನು ಮಳೆಗಾಲದಲ್ಲಿ ತಿನ್ನುತ್ತ, ಕುಟುಂಬವನ್ನು ಚಿಕ್ಕದು ಮಾಡಿಕೊಂಡು, ಎರಡು ಮಳೆಗಳ ನಡುವಿನ ಹೊಳವಿನಲ್ಲಿ ಹೊರಬಿದ್ದು ಸಿಕ್ಕಷ್ಟು ಪರಾಗ ತಂದುಕೊಂಡು ದಿನ ದೂಡುತ್ತದೆ. ತಲೆತಲಾಂತರದಿಂದ ಅದು ಕಲಿತ ಬಾಳುವೆ ಇದು. ಆದರೆ ಆ ಬಾಳುವೆ ಒಂದು ಅಂದಾಜಿನ ಮೇಲೆ ನಿಂತಿದೆ: ಮೃಗಶಿರೆಗೆ ಮಳೆ ಹಿಡಿಯುತ್ತದೆ, ಆಶ್ಲೇಷೆ ದಾಟಿದರೆ ಸಡಿಲವಾಗುತ್ತದೆ, ಉತ್ತರೆ ಹೊತ್ತಿಗೆ ಬಿಸಿಲು ಕಾಣುತ್ತದೆ. ಆ ಅಂದಾಜು ಈಗ ಎರಡೂ ತುದಿಯಲ್ಲಿ ತಪ್ಪುತ್ತಿದೆ.

2025ನ್ನೇ ತೆಗೆದುಕೊಳ್ಳಿ. ಮೇ 20 ವಿಶ್ವ ಜೇನು ದಿನ. ಅದಾಗಿ ನಾಲ್ಕೇ ದಿನಕ್ಕೆ, ಮೇ 24ರಂದು, ಮುಂಗಾರು ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಆ ವರ್ಷವೇ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ ಪೂರ್ವ ಮುಂಗಾರು ಜೋರಾಗಿತ್ತು. ರಾಜ್ಯದ ಮೇ ತಿಂಗಳ ಮಳೆ ವಾಡಿಕೆಯ ಎರಡು ಪಟ್ಟನ್ನೂ ದಾಟಿತು. ಕೃತ್ತಿಕೆ, ರೋಹಿಣಿ ಎಂದರೆ ನಮ್ಮಲ್ಲಿ ಸಂಜೆ ಗುಡುಗಿ, ಒಂದು ತಾಸು ಹೊಡೆದು ಹೋಗುವ ಮಳೆಗಳು. ಮರುದಿನ ಬೆಳಗ್ಗೆ ಬಿಸಿಲಿರುತ್ತದೆ, ಜೇನಿನ ಕೆಲಸ ನಿಲ್ಲುವುದಿಲ್ಲ. ಆ ವರ್ಷ ಅವೇ ಮಳೆಗಳು ಆರಿದ್ರೆ, ಪುನರ್ವಸುವಿನ ಹಾಗೆ ಹಗಲಿಡೀ ಹಿಡಿದುಕೊಂಡವು. ಮೇ ತಿಂಗಳ ಕೊನೆಯ ವಾರಗಳು ಕುಟುಂಬ ತನ್ನ ಮಳೆಗಾಲದ ದಾಸ್ತಾನು ತುಂಬಿಕೊಳ್ಳುವ ಕಡೆಯ ಅವಕಾಶ. ಅದು ಕೈತಪ್ಪಿತು. ಅದಕ್ಕೂ ಮೊದಲು 2021ರ ನವೆಂಬರ್ ಇನ್ನೊಂದು ತುದಿಯಲ್ಲಿ ಹೊಡೆದಿತ್ತು. ಆಗ ದಕ್ಷಿಣ ಭಾರತದಲ್ಲೆಲ್ಲ ಅಕಾಲದ ಮಳೆ. ಕೊಯ್ದ ಅಡಿಕೆ ಅಂಗಳದಲ್ಲೇ ಬೂಸಲು ಹಿಡಿಯಿತು, ಕಾಫಿ ಹಣ್ಣು ಗಿಡದಲ್ಲೇ ಒಡೆದು ಉದುರಿತು. ಅವೆರಡೂ ಪತ್ರಿಕೆಯಲ್ಲಿ ಬಂದವು. ಅದೇ ಮಳೆಯಲ್ಲಿ ಜೇನಿನ ಗೂಡಿನೊಳಗೆ ಏನಾಯಿತು ಎಂದು ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಗೂಡಿನೊಳಗಿನ ಕಥೆಯನ್ನು ಇಲ್ಲಿ ಹೇಳುತ್ತೇನೆ. ಇಲಾಖೆಯಲ್ಲಿ ಕೀಟಶಾಸ್ತ್ರ ಓದಿದವರಿಗೆ ಇದು ಗೊತ್ತಿರುವುದೇ. ಕಡತಕ್ಕೆ ಸಹಿ ಹಾಕುವವರಿಗೂ ಗೊತ್ತಾಗಲಿ ಎಂದು ನನ್ನ ಆಸೆ.

ಮಳೆ ಹನಿಯುವಾಗ ಜೇನು ಹಾರುವುದಿಲ್ಲ. ಹೊರಗೆ ಸಿಕ್ಕಿಬಿದ್ದ ಜೇನುನೊಣ ರೆಕ್ಕೆ ನೆನೆದು ನೆಲಕ್ಕೆ ಬಿದ್ದರೆ ಗೂಡಿಗೆ ಮರಳುವುದು ಅಪರೂಪ. ಹೂವಿನಲ್ಲಿದ್ದ ಮಕರಂದ ನೀರಾಗುತ್ತದೆ, ಪರಾಗ ತೊಳೆದು ಹೋಗುತ್ತದೆ. ಮಳೆ ನಿಂತ ಕೂಡಲೇ ಹೋದರೂ ಹೂವಿನಲ್ಲಿ ಏನೂ ಇರುವುದಿಲ್ಲ. ಇತ್ತ ಗೂಡಿನೊಳಗೆ ಖರ್ಚು ನಿಲ್ಲುವುದಿಲ್ಲ. ಮರಿಹುಳುಗಳಿರುವ ಎರಿಯ ಬಿಸಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲೇಬೇಕು. ಹೊರಗೆ ಶೀತ ಹೆಚ್ಚಾದಷ್ಟೂ ಕೆಲಸಗಾರ ನೊಣಗಳು ಎರಿಯ ಮೇಲೆ ಒತ್ತಾಗಿ ಕೂತು, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಬಿಸಿ ಹುಟ್ಟಿಸುತ್ತವೆ. ಆ ಬಿಸಿಗೆ ಸೌದೆ ತುಪ್ಪವೇ. ಹೊರಗಿಂದ ಒಂದು ಹನಿಯೂ ಬಾರದ ದಿನಗಳಲ್ಲಿ ದಾಸ್ತಾನು ಎರಡು ಪಟ್ಟು ವೇಗದಲ್ಲಿ ಕರಗಿದಂತೆ ಕಾಣುವುದು ಇದಕ್ಕೇ.

ತುಪ್ಪಕ್ಕಿಂತ ಮೊದಲು ಮುಗಿಯುವುದು ಪರಾಗ. ಮರಿಗಳಿಗೆ ಉಣಿಸುವ ಹಾಲಿನಂಥ ಆಹಾರ ಪರಾಗದಿಂದ ಆಗಬೇಕು. ಅದು ಬರುವುದು ನಿಂತರೆ ರಾಣಿ ಮೊಟ್ಟೆ ಇಡುವುದನ್ನು ತಗ್ಗಿಸುತ್ತದೆ, ಕೊನೆಗೆ ನಿಲ್ಲಿಸಿಯೇ ಬಿಡುತ್ತದೆ. ಇನ್ನೂ ಕಷ್ಟವಾದರೆ ಕೆಲಸಗಾರ ನೊಣಗಳು ತಮ್ಮದೇ ಎಳೆಯ ಮರಿಹುಳುಗಳನ್ನು ತಿಂದು, ಆ ಸತ್ವವನ್ನು ಉಳಿದ ಮರಿಗಳಿಗೆ ಉಣಿಸುತ್ತವೆ. ಪೆಟ್ಟಿಗೆ ತೆರೆದಾಗ ಮೊಟ್ಟೆ ಇದ್ದು ಮರಿಹುಳು ಮಾತ್ರ ಕಾಣದಿದ್ದರೆ ಕುಟುಂಬ ಆ ಹಂತ ಮುಟ್ಟಿದೆ ಎಂದು ತಿಳಿಯಬೇಕು. ಹೊರಗಿಂದ ನೋಡಿದರೆ ಬಾಗಿಲಲ್ಲಿ ನೊಣಗಳು ಆಡುತ್ತಲೇ ಇರುತ್ತವೆ, ಎಲ್ಲ ಸರಿಯಿದೆ ಎನಿಸುತ್ತದೆ.

ಇಲ್ಲಿ ಒಂದು ಲೆಕ್ಕವಿದೆ. ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಸುಮಾರು ಮೂರು ವಾರ. ಹೊರಬಂದ ಮೇಲೂ ಮೊದಲ ಎರಡು ಮೂರು ವಾರ ಅದು ಗೂಡಿನೊಳಗಿನ ಕೆಲಸದಲ್ಲೇ ಇರುತ್ತದೆ, ಆಮೇಲೆ ಹೂವಿಗೆ ಹೋಗುತ್ತದೆ. ಅಂದರೆ ಇಂದು ಇಟ್ಟ ಮೊಟ್ಟೆ ದುಡಿಮೆಗೆ ಬರುವುದು ಐದಾರು ವಾರಗಳ ನಂತರ. ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಬಿಡದೆ ರಾಣಿ ಮೊಟ್ಟೆ ಇಡದಿದ್ದರೆ ನವೆಂಬರ್‌ನ ಹೂವಿಗೆ ಹೋಗಲು ನೊಣಗಳೇ ಇರುವುದಿಲ್ಲ. ಮಳೆ ಹದಿನೈದು ದಿನ ಹೆಚ್ಚಿಗೆ ಬಂದರೆ ಜೇನಿಗೆ ಆಗುವ ನಷ್ಟ ಹದಿನೈದು ದಿನದ್ದಲ್ಲ. ಆ ನಷ್ಟ ಮುಂದಿನ ಬೇಸಿಗೆಯವರೆಗೂ ಬೆನ್ನು ಹತ್ತುತ್ತದೆ.

ನೊಣ ಕಡಿಮೆಯಾದ ಗೂಡಿಗೆ ಶತ್ರುಗಳು ಹೆಚ್ಚು. ನೊಣ ಮುಚ್ಚಿ ಕೂರದ ಎರಿಗೆ ಮೇಣದ ಪತಂಗ ಮೊಟ್ಟೆ ಇಡುತ್ತದೆ. ಇರುವೆ ಏರುತ್ತದೆ. ಹೊಳವಾದಾಗ ಕಣಜ ಬಾಗಿಲಲ್ಲೇ ಕಾದು ನೊಣ ಹಿಡಿಯುತ್ತದೆ. ಜೇನು ಗೂಡಿನೊಳಗೆ ಮಲ ವಿಸರ್ಜಿಸುವುದಿಲ್ಲ, ಹಾರುವಾಗ ಹೊರಗೇ ಮಾಡುತ್ತದೆ. ದಿನಗಟ್ಟಲೆ ಹೊರಬೀಳಲಾಗದೆ ಒಳಗೇ ಉಳಿದರೆ ಭೇದಿ ಶುರುವಾಗುತ್ತದೆ, ನೊಣದ ಕರುಳಿಗೆ ತಗಲುವ ನೊಸಿಮಾದಂಥ ರೋಗ ಒಂದರಿಂದ ಒಂದಕ್ಕೆ ಹರಡಲು ಹದವಾಗುತ್ತದೆ. 1991–92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಂದ, ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತುಡುವೆ ಕುಟುಂಬಗಳನ್ನು ನುಂಗಿತು. ದೇಶಕ್ಕೇ ಹೆಸರಾಗಿದ್ದ ಕೊಡಗಿನ ಜೇನುಗಾರಿಕೆ ಆ ಪೆಟ್ಟಿನಿಂದ ಹಳೆಯ ಸ್ಥಿತಿಗೆ ಮರಳಲೇ ಇಲ್ಲ. ಆ ವೈರಸ್ ನಮ್ಮ ನಡುವಿಂದ ಹೋಗಿಲ್ಲ. ಹಸಿದು ಕ್ಷೀಣಿಸಿದ ಕುಟುಂಬ ಅದಕ್ಕೆ ಬೇಗ ತುತ್ತಾಗುತ್ತದೆ ಎಂಬುದು ಪೆಟ್ಟಿಗೆ ಇಟ್ಟವರೆಲ್ಲರ ಅನುಭವ.

ಇಷ್ಟೆಲ್ಲ ಆದ ಮೇಲೆ ತುಡುವೆ ತನ್ನ ಕಡೆಯ ಉಪಾಯಕ್ಕೆ ಕೈಹಾಕುತ್ತದೆ. ಒಂದು ಹೊಳವಿನ ದಿನ, ರಾಣಿಯನ್ನು ಕರೆದುಕೊಂಡು, ಖಾಲಿ ಎರಿಗಳನ್ನು ಬಿಟ್ಟು ಹಾರುತ್ತದೆ. ಹೊಟ್ಟೆಯಲ್ಲಿ ತುಪ್ಪವಿಲ್ಲದೆ, ಮತ್ತೆ ಮೋಡ ಕವಿಯುವ ಕಾಡಿಗೆ ಹೋದ ಆ ಮುಷ್ಟಿಯಷ್ಟು ನೊಣಗಳು ಬದುಕುವ ಸಾಧ್ಯತೆ ತೀರ ಕಡಿಮೆ. ‘ಹಾರಿಹೋಯಿತು’ ಎಂದು ವರದಿಯಲ್ಲಿ ಬರೆದದ್ದನ್ನು ಓದುವಾಗ ದಯವಿಟ್ಟು ‘ಉಪವಾಸದಿಂದ ಹೋಯಿತು’ ಎಂದೇ ಓದಿಕೊಳ್ಳಿ.

ಸಚಿವರೇ, ಈಗ ವಿಮೆಯ ವಿಚಾರ. ಒಂದು ರಾತ್ರಿ 200 ಮಿಲಿಮೀಟರ್ ಹೊಡೆದು ಬೆಳಗ್ಗೆ ಬಿಸಿಲು ಬಂದರೆ ಜೇನಿಗೆ ಅಂಥ ತೊಂದರೆಯಿಲ್ಲ. ಹಗಲಿಡೀ ಸೋನೆ ಹಿಡಿದು ದಿನಕ್ಕೆ ಹತ್ತೇ ಮಿಲಿಮೀಟರ್ ಬಿದ್ದರೂ, ಅದು ಎರಡು ವಾರ ಮುಂದುವರಿದರೆ ದಾಸ್ತಾನಿಲ್ಲದ ಕುಟುಂಬ ಸಾಯುತ್ತದೆ. ಮಳೆಯ ಒಟ್ಟು ಪ್ರಮಾಣ ನೋಡುವ ಯಾವ ಕೋಷ್ಟಕವೂ ಈ ಎರಡನೆಯ ಸಾವನ್ನು ಹಿಡಿಯಲಾರದು. ಆದರೆ ಹಿಡಿಯುವ ಸಾಧನ ನಮ್ಮ ರಾಜ್ಯದಲ್ಲಿ ಆಗಲೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ದಾಖಲಿಸುವ ವ್ಯವಸ್ಥೆ ಅವುಗಳದ್ದು. ಅಡಿಕೆ, ಕಾಳುಮೆಣಸಿನ ವಿಮೆ ಪರಿಹಾರ ನಿರ್ಧಾರವಾಗುವುದೂ ಪಂಚಾಯ್ತಿ ಮಟ್ಟದ ಹವಾಮಾನ ದಾಖಲೆಯ ಮೇಲೆಯೇ. ಬೆಳಗ್ಗೆ ಏಳರಿಂದ ಸಂಜೆ ಐದರ ನಡುವೆ ಮಳೆ ಇಲ್ಲದ ಕಾಲು ತಾಸುಗಳು ಎಷ್ಟು ಎಂದು ಅದೇ ದಾಖಲೆಯಿಂದ ಎಣಿಸಬಹುದು. ಸತತವಾಗಿ ಇಷ್ಟು ದಿನ ಹೊಳವು ಇಷ್ಟಕ್ಕಿಂತ ಕಡಿಮೆಯಾದರೆ ಕುಟುಂಬಕ್ಕೆ ಇಷ್ಟು ಪರಿಹಾರ ಎಂದು ನಿಯಮ ಮಾಡಲು ಹೊಸ ಯಂತ್ರ ಬೇಡ, ಸ್ಥಳ ಪರಿಶೀಲನೆಗೆ ಮನೆಮನೆ ತಿರುಗುವ ಸಿಬ್ಬಂದಿಯೂ ಬೇಡ. ಎಷ್ಟು ದಿನ, ಎಷ್ಟು ಗಂಟೆ ಎಂಬ ಅಳತೆಯನ್ನು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರೋ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜೇನು ವಿಜ್ಞಾನಿಗಳೋ ಮಲೆನಾಡಿನಲ್ಲೇ ಪೆಟ್ಟಿಗೆ ಇಟ್ಟು ಹೇಳಲಿ. ಒಂದೆರಡು ಮಳೆಗಾಲ ಸಾಕು.

ಯಂತ್ರ ಕೆಟ್ಟು ನಿಂತ ಕಡೆ ಲೆಕ್ಕ ತಪ್ಪುತ್ತದೆ ಎಂಬ ದೂರು ಅಡಿಕೆ ಬೆಳೆಗಾರರಲ್ಲಿ ಮೊದಲಿನಿಂದಲೂ ಇದೆ. ಅದನ್ನು ಸರಿಪಡಿಸಿದರೆ ಅಡಿಕೆಗೂ ಜೇನಿಗೂ ಒಟ್ಟಿಗೇ ಉಪಕಾರ. ವಿಮೆಯಲ್ಲಿ ತೋಟಗಾರಿಕೆ ಬೆಳೆಗಳಿಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ. 5, ಜೇನಿಗೂ ಅಷ್ಟೇ ಇದ್ದರೆ ಕಟ್ಟಲು ನಾವು ಸಿದ್ಧರಿದ್ದೇವೆ. ಯಾರ ಬಳಿ ಎಷ್ಟು ಕುಟುಂಬ ಇದೆ ಎಂಬ ಪಟ್ಟಿ ಎಲ್ಲಿಂದ ಎಂದು ಕೇಳಿದರೆ, ಜೇನು ಸಾಕುವವರ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲೇ ‘ಮಧುಕ್ರಾಂತಿ’ ಜಾಲತಾಣ ತೆರೆದಿದೆ. ಅದರಲ್ಲಿ ಹೆಸರು ಸೇರಿಸಲು ಹೋಬಳಿಗೆ ಒಂದು ದಿನ ಶಿಬಿರ ಮಾಡಿದರೆ ಪಟ್ಟಿ ತಾನೇ ಬರುತ್ತದೆ. ನೆರೆ, ಭೂಕುಸಿತ ಆದಾಗ ಕೊಡುವ ವಿಪತ್ತು ಪರಿಹಾರದಲ್ಲಿ ದನಕರುಗಳಿವೆ, ಕೋಳಿಯಿದೆ, ರೇಷ್ಮೆ ಇದೆ. ಆ ಸಾಲಿಗೆ ಜೇನು ಕುಟುಂಬವನ್ನೂ ಸೇರಿಸುವಂತೆ ರಾಜ್ಯದಿಂದ ಕೇಂದ್ರಕ್ಕೆ ಒಂದು ಪತ್ರ ಹೋಗಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ತೋಟದ ಜೊತೆ ತೋಟದೊಳಗಿನ ಪೆಟ್ಟಿಗೆಗಳೂ ಮಣ್ಣಿನಡಿ ಹೋದವು.

ಇನ್ನು ಪೆಟ್ಟಿಗೆ ಹಂಚಿಕೆ. 2020ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜೇನು ಸಾಕಾಣಿಕೆ ಮತ್ತು ಜೇನು ಮಿಷನ್‌ಗೆ 500 ಕೋಟಿ ರೂಪಾಯಿ ಘೋಷಿಸಿತು. ರಾಜ್ಯ ಸರ್ಕಾರದ ಸಹಾಯಧನ ಅದಲ್ಲದೆ ಬೇರೆ. ಜೇನಿಗೆ ಹಣ ಬರುತ್ತಿದೆ ಎಂಬುದು ಸಂತೋಷದ ವಿಷಯವೇ, ಅದಕ್ಕಾಗಿ ದುಡಿದ ಅಧಿಕಾರಿಗಳನ್ನು ನಾನು ಬಲ್ಲೆ. ಆದರೆ ಪೆಟ್ಟಿಗೆಯ ಸಂಖ್ಯೆಯಷ್ಟನ್ನೇ ಸಾಧನೆ ಎಂದು ಬರೆದುಕೊಳ್ಳುವವರೆಗೆ ಈ ಹಣ ಮಳೆಗಾಲದಲ್ಲಿ ಕೊಚ್ಚಿಹೋಗುತ್ತಲೇ ಇರುತ್ತದೆ. ಆರ್ಥಿಕ ವರ್ಷ ಮುಗಿಯುವ ಗಡಿಬಿಡಿಯಲ್ಲಿ ಮಂಜೂರಾಗಿ, ಬೇಸಿಗೆಯ ಕೊನೆಗೆ ರೈತನ ಕೈಸೇರಿದ ಕುಟುಂಬಗಳ ಗತಿಯನ್ನು ನಮ್ಮ ಊರುಗಳಲ್ಲಿ ಕಣ್ಣಾರೆ ನೋಡಿದ್ದೇವೆ. ಹೊಸ ಜಾಗ, ಅರ್ಧ ತುಂಬಿದ ಎರಿ, ದಾಸ್ತಾನಿಲ್ಲ. ಅನುಭವವಿಲ್ಲದ ಹೊಸ ಸಾಕಣೆಗಾರನಿಗೆ ಮಳೆಯಲ್ಲಿ ಪೆಟ್ಟಿಗೆ ತೆರೆಯಲು ಹೆದರಿಕೆ. ಆಟಿ (ಜುಲೈ–ಆಗಸ್ಟ್) ಮುಗಿಯುವುದರೊಳಗೆ ಪೆಟ್ಟಿಗೆ ಖಾಲಿ. ಆ ರೈತ ಮತ್ತೆ ಜೇನಿನ ತಂಟೆಗೆ ಹೋಗುವುದಿಲ್ಲ. ಒಂದು ಕುಟುಂಬ ಹೋದದ್ದಕ್ಕಿಂತ ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ನಮ್ಮ ಭಾಗಕ್ಕೆ ಕುಟುಂಬ ಹಂಚುವ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಆಗ ಹೂವು ಏರುಮುಖದಲ್ಲಿರುತ್ತದೆ, ಅಂಟುವಾಳ ಅರಳುತ್ತದೆ, ಕುಟುಂಬ ತಾನಾಗಿ ಬೆಳೆಯುತ್ತದೆ. ಹೊಸಬರಿಗೆ ಕಲಿಯಲು ಐದಾರು ತಿಂಗಳು ಬಿಸಿಲು ಸಿಗುತ್ತದೆ. ಮಾರ್ಚ್‌ನಲ್ಲಿ ಕಾಫಿ, ನೇರಳೆಯ ಹೂವಿಗೆ ಕುಟುಂಬ ಬಲವಾಗಿ ನಿಲ್ಲುತ್ತದೆ. ಟೆಂಡರಿನ ದಿನಾಂಕವನ್ನು ಜೇನಿನ ಪಂಚಾಂಗಕ್ಕೆ ಹೊಂದಿಸಿ ಎಂದು ಕೇಳುವುದು ಅತಿಯಾದ ಬೇಡಿಕೆ ಎಂದು ನನಗನಿಸುವುದಿಲ್ಲ. ಬಿತ್ತನೆ ಬೀಜಕ್ಕೆ ಹಾಗೆ ಮಾಡುತ್ತೀರಲ್ಲ. ಇನ್ನೊಂದು ಮಾತು, ಕುಟುಂಬಗಳನ್ನು ಆದಷ್ಟು ಹತ್ತಿರದಿಂದಲೇ ತನ್ನಿ. ಘಟ್ಟದ ಕಪ್ಪು ತುಡುವೆಯೂ ಬಯಲಿನ ಹಳದಿ ಛಾಯೆಯ ತುಡುವೆಯೂ ಒಂದೇ ಜಾತಿಯಾದರೂ ಗುಣದಲ್ಲಿ ಒಂದೇ ಅಲ್ಲ. ಮಳೆಯ ಸೀಮೆಯಲ್ಲಿ ತಲೆಮಾರುಗಳಿಂದ ಬದುಕಿದ ಕುಟುಂಬವನ್ನು ಪಾಲು ಮಾಡಿ ಕೊಡುವ ಸಾಕಣೆಗಾರರು ಇಲ್ಲೇ ಇದ್ದಾರೆ. ಹೊರಗಿನಿಂದ ತರುವ ಖರ್ಚನ್ನು ಅವರಿಗೇ ಕೊಡಿ.

ಹಂಚಿದ ಮೇಲಿನ ನೆರವು ಎಂದೆನಲ್ಲ, ಅದು ದೊಡ್ಡ ಮೊತ್ತವಲ್ಲ. ಹೂವು ಸಿಗದ ಮಳೆಗಾಲದ ವಾರಗಳಲ್ಲಿ ಒಂದು ಸಾಧಾರಣ ತುಡುವೆ ಕುಟುಂಬಕ್ಕೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯ ಪಾಕ ಸಾಕು. ಹದಿನಾರು ವಾರಕ್ಕೆ ಮೂರು ಕಿಲೋ ಚಿಲ್ಲರೆ. ಒಂದು ಕುಟುಂಬ ಮತ್ತು ಪೆಟ್ಟಿಗೆಗೆ ಸರ್ಕಾರ ಕೊಡುವ ಸಾವಿರಾರು ರೂಪಾಯಿಯ ಪಕ್ಕದಲ್ಲಿ ಈ ಸಕ್ಕರೆಯ ಬೆಲೆ ಇಟ್ಟು ನೋಡಿ. ಅದರ ಜೊತೆ ಪರಾಗದ ಬದಲಿಗೆ ಕೊಡುವ ಹಿಟ್ಟಿನ ಉಂಡೆ, ಪೆಟ್ಟಿಗೆಗೆ ನೀರು ಇಳಿಯದ ಮುಚ್ಚಿಗೆ, ಇರುವೆ ಏರದಂತೆ ನೀರಿನ ಬಟ್ಟಲಿರುವ ನಿಲುವುಗಾಲು. ಇವಕ್ಕಿಂತ ಮುಖ್ಯವಾಗಿ, ಜುಲೈ, ಆಗಸ್ಟ್‌ನಲ್ಲಿ ಹೊಸ ಸಾಕಣೆಗಾರನ ಮನೆಗೆ ಬಂದು, ಪೆಟ್ಟಿಗೆ ತೆರೆದು, ಹಳೆಯ ಎರಿ ತೆಗೆದು ನೊಣ ಮುಚ್ಚುವಷ್ಟೇ ಎರಿ ಬಿಡುವುದನ್ನು ತೋರಿಸಿಕೊಡುವ ಒಬ್ಬ ಅನುಭವಿ. ಊರಿನ ಹಿರಿಯ ಜೇನುಗಾರರಲ್ಲಿ ಅಂಥವರಿದ್ದಾರೆ. ಅವರಿಗೆ ದಿನಗೂಲಿಯಷ್ಟಾದರೂ ಗೌರವಧನ ಕೊಟ್ಟರೆ ಈ ಕೆಲಸ ನಡೆಯುತ್ತದೆ. ತರಬೇತಿಗಳು ಈಗ ನಡೆಯುವುದು ಬಿಸಿಲಿನ ದಿನಗಳಲ್ಲಿ, ಸಭಾಂಗಣಗಳಲ್ಲಿ. ಜೇನಿನ ಪರೀಕ್ಷೆ ಮಾತ್ರ ಜಡಿಮಳೆಯಲ್ಲಿ.

ಇಲ್ಲಿ ಜೇನುತುಪ್ಪ ಕೊಳ್ಳುವ ಜನರಿಗೂ ಒಂದು ಮಾತು ಹೇಳಲೇಬೇಕು. ಸಕ್ಕರೆ ಎಂದ ಕೂಡಲೇ ಕಲಬೆರಕೆಯ ಅನುಮಾನ ಬರುತ್ತದೆ, ಅದಕ್ಕೆ ಕಾರಣವೂ ಇದೆ. ಮಳೆಗಾಲದಲ್ಲಿ ಪಾಕ ಕೊಡುವುದು ಪೆಟ್ಟಿಗೆಯ ಕೆಳಗಿನ, ಮರಿ ಬೆಳೆಯುವ ಸಂಸಾರ ಕೋಣೆಯಲ್ಲಿರುವ ಕುಟುಂಬದ ಜೀವ ಉಳಿಸಲು. ಆಗ ಮೇಲಿನ ಜೇನು ಕೋಣೆ ತೆಗೆದಿಟ್ಟಿರುತ್ತೇವೆ. ನೀವು ಕೊಳ್ಳುವ ತುಪ್ಪ ಬರುವುದು ಆ ಮೇಲಿನ ಕೋಣೆಯಿಂದ, ಹೂವಿನ ಕಾಲದಲ್ಲಿ, ಪಾಕ ನಿಲ್ಲಿಸಿ ಬಹಳ ಕಾಲವಾದ ಮೇಲೆ. ಹೂವಿನ ಕಾಲದಲ್ಲೂ ಪಾಕ ಕೊಟ್ಟು ಅದನ್ನೇ ತುಪ್ಪವೆಂದು ಮಾರುವವರು ಮೋಸಗಾರರು, ಅವರನ್ನು ಹಿಡಿಯಬೇಕು. ಆ ಇಬ್ಬರನ್ನೂ ಒಂದೇ ಎಂದು ನೋಡಿದರೆ ಪ್ರಾಮಾಣಿಕ ಜೇನುಗಾರ ಪಾಕ ಕೊಡಲು ಹಿಂಜರಿಯುತ್ತಾನೆ, ಕುಟುಂಬ ಸಾಯುತ್ತದೆ.

ಮಳೆ ತುಪ್ಪದ ಗುಣವನ್ನೂ ಕೆಡಿಸುತ್ತದೆ. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ತುಪ್ಪದಲ್ಲಿ ತೇವಾಂಶ ಶೇ. 20 ಮೀರಬಾರದು. ಘಟ್ಟದ ತುಡುವೆ ತುಪ್ಪ ಒಳ್ಳೆಯ ವರ್ಷದಲ್ಲೂ ಆ ಗೆರೆಯ ಹತ್ತಿರವೇ ಇರುತ್ತದೆ, ಎಷ್ಟೋ ಸಲ ದಾಟುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ನೊಣಗಳು ರೆಕ್ಕೆ ಬೀಸಿ ಮಕರಂದದ ನೀರು ಆರಿಸಲಾರವು, ಎರಿಯ ಕಣಗಳಿಗೆ (ತುಪ್ಪ ತುಂಬುವ ಗೂಡುಗಳಿಗೆ) ಮೇಣದ ಮುಚ್ಚಳ ಹಾಕಲಾರವು. ಮೇ ತಿಂಗಳಲ್ಲಿ ಮಳೆ ಬಂತೆಂದು ಅವಸರದಿಂದ ಮುಚ್ಚಳ ಬೀಳದ ತುಪ್ಪ ತೆಗೆದರೆ ಅದು ನಾಲ್ಕು ದಿನಕ್ಕೆ ಹುಳಿಯುತ್ತದೆ. ಸಹಕಾರ ಸಂಘಗಳಲ್ಲಿ ತುಪ್ಪದ ನೀರು ತೆಗೆಯುವ ಸಣ್ಣ ಘಟಕಗಳಿದ್ದರೆ, ತಾಲ್ಲೂಕಿಗೆ ಒಂದಾದರೂ ಸಾಕು, ಈ ನಷ್ಟ ತಪ್ಪುತ್ತದೆ.

ಈಗ ಬೆಳೆಗಾರ ಬಂಧುಗಳೇ, ನಿಮ್ಮ ಜೊತೆ ಮಾತು. ಜೇನು ಇಟ್ಟವರಿಗಷ್ಟೇ ಈ ನಷ್ಟ ಎಂದು ಕೂರಬೇಡಿ. ಏಲಕ್ಕಿಯನ್ನು ನೋಡಿ. ಅದರ ಹೂವಿನ ಭರಾಟೆ ಮಳೆಗಾಲದಲ್ಲೇ. ಬೆಳಗಿನ ಜಾವ ಅರಳಿದ ಹೂವು ಅಂದೇ ಬಾಡುತ್ತದೆ. ಹೂವಿನ ರಚನೆಯಿಂದಾಗಿ ಅದರ ಪರಾಗ ತಾನಾಗಿ ಹೂವಿನ ಹೆಣ್ಣು ಭಾಗವಾದ ಶಲಾಕೆಯ ತುದಿ ಮುಟ್ಟುವುದಿಲ್ಲ, ಜೇನು ಒಳಗೆ ತೂರಿ ಬರಲೇಬೇಕು. ಹೆಜ್ಜೇನು ಬಯಲಿಗೆ ಹೋದ ಆ ತಿಂಗಳುಗಳಲ್ಲಿ ಏಲಕ್ಕಿ ಕಾಯಿ ಕಟ್ಟಿಸುವ ಭಾರ ಬಹುಪಾಲು ತುಡುವೆಯ ಮೇಲೆ. ಅಂದು ಬೆಳಗ್ಗೆ ಎರಡು ತಾಸು ಹೊಳವು ಸಿಕ್ಕಿ, ಹತ್ತಿರದಲ್ಲಿ ಬಲವಾದ ಕುಟುಂಬ ಇದ್ದರೆ ಆ ದಿನದ ಹೂವು ಕಾಯಿ. ಹೊಳವು ಸಿಕ್ಕಿಯೂ ನೊಣ ಇಲ್ಲದಿದ್ದರೆ ಆ ಹೂವು ಮಣ್ಣಿಗೆ. ಮಳೆಯನ್ನು ನಾವು ನಿಲ್ಲಿಸಲಾರೆವು. ಹೊಳವಾದಾಗ ಹಾರಲು ನೊಣ ಇರುವಂತೆ ನೋಡಿಕೊಳ್ಳಬಲ್ಲೆವು. ಮಡಿಕೇರಿ ಬಳಿಯ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರದವರು ಈ ಹೊಳವಿನ ಗಂಟೆಗೂ ಏಲಕ್ಕಿ ಇಳುವರಿಗೂ ಇರುವ ಸಂಬಂಧವನ್ನು ಅಳೆದು ಕೊಟ್ಟರೆ ವಿಮೆಯ ಮಾತಿಗೆ ಬಲ ಬರುತ್ತದೆ. ರೊಬಸ್ಟಾ ಕಾಫಿ ತನ್ನ ಪರಾಗದಿಂದ ತಾನು ಕಾಯಿ ಕಟ್ಟುವ ಗಿಡವಲ್ಲ. ಗಾಳಿಯ ಜೊತೆ ಜೇನೂ ಬೇಕು. ಹೂಮಳೆ (ಕಾಫಿ ಹೂವು ಅರಳಿಸುವ ಬೇಸಿಗೆ ಮಳೆ) ಬಿದ್ದು ಬೆಳ್ಳಗೆ ಅರಳುವ ಆ ಕೆಲವೇ ದಿನಗಳಿಗೆ ಬರುವ ನೊಣಗಳು ಹಿಂದಿನ ಮಳೆಗಾಲ ದಾಟಿ ಬಂದ ಕುಟುಂಬದ ಸಂತಾನ.

ಮಳೆಗಾಲದಲ್ಲಿ ಜೇನಿಗೆ ಸಿಗುವ ಪರಾಗ ಎಲ್ಲಿಯದು ಗೊತ್ತೇ? ಹೆಚ್ಚಾಗಿ ನಾವು ಕಳೆ ಎನ್ನುವ ಗಿಡಗಳದ್ದು. ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ), ರಸ್ತೆ ಬದಿಯಲ್ಲಿ ಹರಡಿದ ನಾಚಿಕೆ ಮುಳ್ಳಿನ ಗುಲಾಬಿ ಬಣ್ಣದ ಹೂವಿಗೆ ಬೆಳಗ್ಗೆ ಒಂದು ಹೊಳವು ಸಿಕ್ಕರೆ ಸಾಕು, ತುಡುವೆ ಮುತ್ತುತ್ತದೆ. ತೋಟದ ಬೇಲಿಸಾಲಿನಲ್ಲಿ, ಧರೆಯ (ತೋಟದಂಚಿನ ಕಡಿದಾದ ಮಣ್ಣಿನ ದಿಣ್ಣೆ) ಮೇಲೆ ಬರುವ ಸಣ್ಣ ಹೂಗಳೂ ಹಾಗೆಯೇ. ಜುಲೈ, ಆಗಸ್ಟ್‌ನಲ್ಲಿ ಕಳೆನಾಶಕ ಹೊಡೆದು ಧರೆಯನ್ನೆಲ್ಲ ಕಂದು ಮಾಡಿದರೆ ಕುಟುಂಬದ ಬಾಯಿಯಿಂದ ಕಡೆಯ ತುತ್ತನ್ನೂ ಕಸಿದಂತೆ. ಕತ್ತಿಯಲ್ಲಿ ಸವರಿ, ಒಂದು ಅಂಚನ್ನಾದರೂ ಅಕ್ಟೋಬರ್‌ವರೆಗೆ ಬಿಡಿ. ಗ್ರಾಮ ಪಂಚಾಯ್ತಿಯವರೂ ಲೋಕೋಪಯೋಗಿಯವರೂ ರಸ್ತೆ ಬದಿಗೆ ಇದನ್ನೇ ಪಾಲಿಸಬಹುದು. ಕೀಟನಾಶಕ ಹೊಡೆಯಲೇಬೇಕಾದರೆ ನೆನಪಿರಲಿ, ನಿಮಗೆ ಔಷಧಿ ಹೊಡೆಯಲು ಸಿಕ್ಕ ಹೊಳವೇ ಜೇನಿಗೆ ಹೊರಬೀಳಲು ಸಿಕ್ಕ ಹೊಳವು. ಸಂಜೆಗೆ ಇಟ್ಟುಕೊಳ್ಳಿ.

ಜೇನು ಸಾಕುವ ನನ್ನ ಜೊತೆಗಾರರಿಗೂ ಹೇಳಬೇಕಾದ್ದಿದೆ. ಮೇ ತಿಂಗಳಲ್ಲಿ ಕಡೆಯ ಹನಿಯವರೆಗೆ ತುಪ್ಪ ತೆಗೆಯುವ ಆಸೆ ಬಿಡೋಣ. ಮುಂಗಾರು ಯಾವಾಗ ಹಿಡಿಯುತ್ತದೆಂದು ಹೇಳಲಾಗದ ಈ ಕಾಲದಲ್ಲಿ ಸಂಸಾರ ಕೋಣೆಯ ಎರಿಗಳ ಮೇಲಂಚಿನ ತುಪ್ಪ ಕುಟುಂಬದ್ದು, ಅದನ್ನು ಮುಟ್ಟಬಾರದು. ದುರ್ಬಲವಾದ ಎರಡು ಕುಟುಂಬಗಳನ್ನು ಮಳೆಗೆ ಮೊದಲೇ ಒಂದು ಮಾಡಿದರೆ ಎಣಿಕೆಯಲ್ಲಿ ಒಂದು ಕಡಿಮೆಯಾಗುತ್ತದೆ, ಮಳೆ ಮುಗಿದ ಮೇಲೆ ಒಂದಾದರೂ ಉಳಿದಿರುತ್ತದೆ. ಪಾಲು ಮಾಡುವವರು ನವೆಂಬರ್‌ನ ಆಕಾಶ ನೋಡಿಯೇ ಮಾಡಿ. ಹೊಸ ರಾಣಿ ಗಂಡು ನೊಣಗಳನ್ನು ಕೂಡುವುದು ಹೊರಗೆ ಹಾರಿ, ಬಿಸಿಲಿರುವ ಮಧ್ಯಾಹ್ನದಲ್ಲಿ. ಹೊರಬಂದ ಮೂರು ನಾಲ್ಕು ವಾರದೊಳಗೆ ಅಂಥ ಮಧ್ಯಾಹ್ನ ಸಿಗದಿದ್ದರೆ ಆ ರಾಣಿ ಬದುಕಿಡೀ ಗಂಡು ಮೊಟ್ಟೆಯನ್ನಷ್ಟೇ ಇಡುತ್ತದೆ, ಕುಟುಂಬ ಅಲ್ಲಿಗೆ ಮುಗಿಯುತ್ತದೆ. 2021ರ ನವೆಂಬರ್‌ನಂಥ ತಿಂಗಳು ಪಾಲು ಮಾಡಿದ ಕುಟುಂಬಗಳಿಗೆ ಯಾಕೆ ಅಷ್ಟು ಕೇಡು ಎಂಬುದಕ್ಕೆ ಕಾರಣ ಇದು.

ನಿರ್ದೇಶಕರೇ, ಕೊನೆಯದಾಗಿ ಒಂದು ಕೋರಿಕೆ, ಇದಕ್ಕೆ ಹಣವೂ ಬೇಡ. ಹಂಚಿದ ಕುಟುಂಬಗಳಲ್ಲಿ ಎಷ್ಟು ಉಳಿದಿವೆ ಎಂದು ಪ್ರತಿ ವರ್ಷ ಎರಡು ಸಲ, ಮೇ ಕೊನೆಗೆ ಒಮ್ಮೆ, ಅಕ್ಟೋಬರ್ ಕೊನೆಗೆ ಒಮ್ಮೆ, ತಾಲ್ಲೂಕುವಾರು ಎಣಿಸಿ ಪ್ರಕಟಿಸಿ. ಹಂಚಿದ ಲೆಕ್ಕದ ಪಕ್ಕದಲ್ಲೇ ಉಳಿದ ಲೆಕ್ಕ ಇರಲಿ. ಮಳೆ ಎಷ್ಟು ಕುಟುಂಬಗಳನ್ನು ಒಯ್ದಿತು ಎಂಬುದು ಸರ್ಕಾರಕ್ಕೇ ಗೊತ್ತಿಲ್ಲದಿದ್ದರೆ ವಿಮಾ ಕಂಪನಿಯ ಮುಂದೆ, ಕೇಂದ್ರದ ಮುಂದೆ ಏನೆಂದು ವಾದಿಸುತ್ತೀರಿ? ಎಣಿಸಲು ಸಿಬ್ಬಂದಿ ಸಾಲದಿದ್ದರೆ ನಮ್ಮ ನಮ್ಮ ಪಂಚಾಯ್ತಿಯ ಪೆಟ್ಟಿಗೆಗಳನ್ನು ನಾವೇ ಎಣಿಸಿ ಪಟ್ಟಿ ಕೊಡುತ್ತೇವೆ. ಮುಂದಿನ ಸಾಲಿನ ವಿಮೆ ಅಧಿಸೂಚನೆ ಹೊರಬೀಳುವ ಮೊದಲು ಮಲೆನಾಡು, ಕೊಡಗು, ಕರಾವಳಿಯ ಜೇನು ಸಾಕಣೆಗಾರರನ್ನೂ ವಿಜ್ಞಾನಿಗಳನ್ನೂ ಉಸ್ತುವಾರಿ ಕೇಂದ್ರದವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಒಂದು ಸಭೆ ಕರೆಯಿರಿ. ಶಿವಮೊಗ್ಗವಾದರೂ ಸರಿ, ಮಡಿಕೇರಿಯಾದರೂ ಸರಿ, ಸ್ವಂತ ಖರ್ಚಿನಲ್ಲಿ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ಸೀಮೆಯ ಒಬ್ಬ ಜೇನು ಸಾಕಣೆಗಾರ